ಮರ ಬರುವ ಹಿಂದಿನ ದಿನ

ನೆಲಕ್ಕೆ ಕೆನ್ನೆ ಒತ್ತಿ ಮಲಗಿದರೆ ಇಷ್ಟು ನಗು ಬರುತ್ತದೆಂದು ನಲವತ್ತಾರು ವರ್ಷ ಅವಳಿಗೆ ಗೊತ್ತಿರಲಿಲ್ಲ. ಬೆಳಗಿನ ಆರು ಗಂಟೆಗೆ, ಖಾಲಿ ಕೋಣೆಯಲ್ಲಿ, ಬಾಗಿಲ ಕಡೆಯಿಂದ ಅವಳು, ಕಿಟಕಿಯ ಕಡೆಯಿಂದ ಅತ್ತೆ, ಇಬ್ಬರೂ ಹೊಟ್ಟೆಯ ಮೇಲೆ ಮಲಗಿ, ಸಿಮೆಂಟಿಗೆ ನಾಲ್ಕೂ ಅಂಚು ಟೇಪು ಹಾಕಿ ಅಂಟಿಸಿದ್ದ ಒಂದು ಚೌಕ ಪ್ಲಾಸ್ಟಿಕ್ಕಿನ ಮೇಲೆ ಟಾರ್ಚು ಬಿಟ್ಟು ನೋಡುತ್ತಿದ್ದರು. ಎರಡು ದಿನದ ಹಿಂದೆ ಅಂಟಿಸಿದ್ದು. ಅದರ ಒಳಮೈಯಲ್ಲಿ ಒಂದೇ ಒಂದು ಹನಿ ಕೂತಿದ್ದರೂ ನೆಲದಲ್ಲಿನ್ನೂ ನೀರಿದೆ ಎಂದು ಅರ್ಥ. ಮೇಲೆ ಮರ ಹಾಸಿದರೆ ಆರು ತಿಂಗಳಲ್ಲಿ ಉಬ್ಬಿ ದೋಣಿಯ ಹಾಗೆ ಏಳುತ್ತದೆ.

“ಬೆವರಿದೆಯಾ?” ಎಂದರು ಅತ್ತೆ.

“ಇಲ್ಲ ಅತ್ತೆ.”

“ಸರಿಯಾಗಿ ನೋಡು. ಹೊಳೀತಿದೆ.”

“ಅದು ನಿಮ್ಮ ಮೂಗಿನ ತುದಿ. ನೀವು ಬೆವರಿದೀರ, ನೆಲ ಬೆವರಿಲ್ಲ.”

ಅಷ್ಟೇ ಮಾತು. ಅದಕ್ಕೆ ಅತ್ತೆ ನಗತೊಡಗಿದವರು ನಿಲ್ಲಿಸಲಾರದೆ ಮಗ್ಗುಲಾದರು. ಎಪ್ಪತ್ತೊಂದರ ಹೆಂಗಸು ಬರಿ ನೆಲದ ಮೇಲೆ ಮೊಣಕಾಲು ಮಡಚಿಕೊಂಡು ನಗುವುದನ್ನು ನೋಡಿ ಅವಳ ಹೊಟ್ಟೆಯೂ ಕುಲುಕತೊಡಗಿ, ಹಣೆ ನೆಲಕ್ಕೆ ತಾಗಿ, ಹಣೆಗಂಟಿದ ಸಿಮೆಂಟಿನ ಬೂದಿ ನೋಡಿ ಅತ್ತೆ ಮತ್ತೆ ನಕ್ಕು, ಆ ನಗುವಿನ ನಡುವೆಯೇ ಅವಳಿಗೆ ನೆನಪಾಯಿತು. ಇವತ್ತು ಹೇಳಬೇಕು. ಸಂಜೆ ಗಂಡ ಬರುವ ಹೊತ್ತಿಗೆ ಹೇಳಿ ಮುಗಿದಿರಬೇಕು. ಹೊರಡುವ ಮುಂಚೆ ಬೂಟಿನ ದಾರ ಕಟ್ಟುತ್ತ, ತಲೆ ಎತ್ತದೆ ಅವನು ಹೇಳಿದ್ದ: “ಅಮ್ಮನಿಗೆ ನೀನೇ ಹೇಳ್ಬಿಡು. ನಾನು ಹೇಳಿದ್ರೆ ಒರಟಾಗಿ ಬರುತ್ತೆ. ನಿನ್ನ ಬಾಯಲ್ಲಾದ್ರೆ ಮೆತ್ತಗೆ ಬರುತ್ತೆ.” ತರಬೇತಿಗೆಂದು ಬೇರೆ ಊರಿಗೆ ಹೋದವನು ಐದು ದಿನದಿಂದ ರಾತ್ರಿ ಊಟದ ಹೊತ್ತಿಗೆ ಫೋನು ಮಾಡಿ ಅದೊಂದೇ ಕೇಳುತ್ತಿದ್ದಾನೆ, ಹೇಳಿದ್ಯಾ. ಅವಳು ಅದೊಂದೇ ಉತ್ತರ ಕೊಡುತ್ತಿದ್ದಾಳೆ, ನಾಳೆ.

ಹೇಳಬೇಕಾದದ್ದು ಇಷ್ಟೇ: ಈ ಕೋಣೆ ಇನ್ನು ಅತ್ತೆಯದಲ್ಲ.

ಅಂಟಿನ ವಾಸನೆ ತಲೆಗೇರಿದ್ದರಿಂದಲೋ, ಆಫೀಸಿಗೆ ರಜೆ ಹಾಕಿ ಐದನೆಯ ದಿನವಾದ್ದರಿಂದಲೋ, ಈ ವಾರವಿಡೀ ಅವಳ ತಲೆ ನೆಲದಿಂದ ಒಂದು ಗೇಣು ಮೇಲೆ ತೇಲುತ್ತಿತ್ತು. ಮೊದಲ ದಿನ ಹಳೆಯ ಹಾಸು ಕಿತ್ತಾಗ ಕೆಳಗೆ ಕಪ್ಪು ಅಂಟು ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಇಬ್ಬರೂ ಕುಕ್ಕರುಗಾಲಲ್ಲಿ ಕೂತು, ಅಗಲವಾದ ಅಲಗಿನಿಂದ ಅದನ್ನು ಕೆರೆದು ಕೆರೆದು ಬಕೆಟ್ಟಿಗೆ ಹಾಕಿದರು. ಎರಡನೆಯ ದಿನ ಅತ್ತೆ ಕೈಯಲ್ಲೊಂದು ಮರದ ಸೌಟು ಹಿಡಿದು, ನೆಲದ ಒಂದೊಂದು ಗೇಣನ್ನೂ ತಟ್ಟುತ್ತ ಹೋದರು. ಬಾಟಲಿ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ಅವರ ಕೆಲಸ ಅದೇ ಆಗಿತ್ತು: ಬೆಲ್ಟಿನ ಮೇಲೆ ಸಾಗಿ ಬರುವ ಬಾಟಲಿಗಳನ್ನು ಸಣ್ಣ ಕೋಲಿನಿಂದ ತಟ್ಟಿ, ಬಿರುಕು ಬಿಟ್ಟಿದ್ದನ್ನು ಸದ್ದಿನಿಂದಲೇ ಹಿಡಿದು ಪಕ್ಕಕ್ಕೆ ಎಸೆಯುವುದು. “ಇಲ್ಲಿ ಪೊಳ್ಳು,” ಎಂದರು, ಅವಳು ಸೀಮೆಸುಣ್ಣದಲ್ಲಿ ಸುತ್ತು ಹಾಕಿದಳು. “ಇಲ್ಲೂ ಪೊಳ್ಳು. ಇಲ್ಲಿ ಗಟ್ಟಿ.” ಪೊಳ್ಳಿದ್ದ ಕಡೆ ಒಡೆದು ತುಂಬಿದರು, ಉಬ್ಬಿದ್ದ ಕಡೆ ಬಾಡಿಗೆಗೆ ತಂದ ತಿಕ್ಕುವ ಯಂತ್ರ ಹಿಡಿದು ಅವಳು ಉಜ್ಜಿದಳು. ಯಂತ್ರ ಅವಳನ್ನೇ ಎಳೆದುಕೊಂಡು ಕೋಣೆಯ ತುಂಬ ಓಡಾಡಿತು. ಅತ್ತೆ ಬಾಗಿಲಲ್ಲಿ ನಿಂತು, ಮೂಗಿಗೆ ಸೆರಗು ಒತ್ತಿಕೊಂಡು, “ಬಿಡಬೇಡ, ಗಂಡನ ಹಾಗೆ ಗಟ್ಟಿಯಾಗಿ ಹಿಡ್ಕೋ,” ಎಂದು ಕೂಗುತ್ತಿದ್ದರು. ಅಂಥ ಮಾತು ಅತ್ತೆಯ ಬಾಯಲ್ಲಿ ಅವಳು ಇಪ್ಪತ್ತೊಂದು ವರ್ಷದಲ್ಲಿ ಕೇಳಿರಲಿಲ್ಲ. ಅತ್ತೆಗೆ ನಗಲು ಬರುತ್ತದೆಂದೇ ಗೊತ್ತಿರಲಿಲ್ಲ ಎಂದರೂ ಸರಿಯೇ. ಒಂದೇ ಅಡುಗೆಮನೆಯಲ್ಲಿ ಇಷ್ಟು ವರ್ಷ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು, ಅತಿ ಮರ್ಯಾದೆಯಿಂದ, ಬ್ಯಾಂಕಿನ ಸಾಲಿನಲ್ಲಿ ನಿಂತವರ ಹಾಗೆ ಬದುಕಿದ್ದರು.

ಇದನ್ನೆಲ್ಲ ಮಾಡಬೇಕಾಗಿ ಬಂದದ್ದು ಬಡಗಿಯಿಂದ. ಅವನಿಗೆ ಇವರಿಬ್ಬರು ಇಟ್ಟ ಹೆಸರು ರಸಮಟ್ಟ. ಎಲ್ಲಿ ಹೋದರೂ ಬಗಲಲ್ಲಿ ಒಂದು ಉದ್ದನೆಯ ರಸಮಟ್ಟ ಇಟ್ಟುಕೊಂಡೇ ಬರುತ್ತಿದ್ದ. ಮಾತಾಡುವ ಮೊದಲು ಅದನ್ನು ಎಲ್ಲಾದರೂ ಇಟ್ಟು, ಗಾಜಿನೊಳಗಿನ ಗುಳ್ಳೆ ನಡುವೆ ನಿಲ್ಲುವುದನ್ನು ಕಾದು, ಆಮೇಲೆ ಬಾಯಿ ತೆರೆಯುತ್ತಿದ್ದ. ಮೊದಲ ಸಲ ಬಂದಾಗ ನೆಲ ನೋಡಿ, “ಇದನ್ನ ಹದಕ್ಕೆ ತರೋಕೇ ಒಂದು ವಾರ. ನನಗೆ ಪುರುಸೊತ್ತಿಲ್ಲ. ಬೇರೆ ಯಾರ ಕೈಲಾದ್ರೂ ಮಾಡಿಸಿಡಿ, ನಾನು ಬಂದು ಮರ ಹಾಸಿ ಹೋಗ್ತೀನಿ,” ಎಂದಿದ್ದ. ಅವಳು “ನಾವೇ ಮಾಡ್ತೀವಿ,” ಎಂದಾಗ ಅವಳನ್ನು ನೋಡದೆ, ಅವಳ ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂಬಂತೆ ಹುಡುಕಿ, “ಸಾಹೇಬ್ರು ಯಾವಾಗ ಬರ್ತಾರೆ?” ಎಂದಿದ್ದ. ಅವಳ ಕಿವಿ ಬಿಸಿಯಾಗಿತ್ತು. ಅದು ಹಳೆಯ ಬಿಸಿ. ವಿಮಾ ಕಚೇರಿಯಲ್ಲಿ ದಿನಕ್ಕೆ ಮೂವತ್ತು ಪತ್ರ ಬರೆಯುತ್ತಾಳೆ, ಎಲ್ಲವೂ ಇಲ್ಲ ಎನ್ನುವ ಪತ್ರಗಳು. ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿ ವಿಷಾದಪೂರ್ವಕವಾಗಿ ತಿಳಿಸುವುದೇನೆಂದರೆ. ಕೆಳಗೆ ವ್ಯವಸ್ಥಾಪಕರ ಹೆಸರು, ಅದರ ಹಿಂದೆ ‘ಪರವಾಗಿ’ ಎಂದು ಬರೆದು ತನ್ನ ಸಹಿ. ಒಮ್ಮೆ ಬೆಂಕಿಯಲ್ಲಿ ಅಂಗಡಿ ಕಳೆದುಕೊಂಡ ಒಬ್ಬ ಆ ಪತ್ರ ಹಿಡಿದು ಬಂದು, “ಈ ಸಹಿ ಯಾರದು?” ಎಂದು ಕೇಳಿದ್ದ. “ಸಾಹೇಬರದು,” ಎಂದಿದ್ದಳು ಅವಳು, ತನ್ನ ಸಹಿಯನ್ನು ತಾನೇ ನೋಡುತ್ತ. ಆತ ನಂಬಿ ಹೋಗಿದ್ದ.

ಹನಿಯಿಲ್ಲದ ಪ್ಲಾಸ್ಟಿಕ್ ಚೌಕವನ್ನು ಅತ್ತೆ ಸರ್ರನೆ ಕಿತ್ತು ಮಡಚಿಟ್ಟರು. ಇನ್ನುಳಿದದ್ದು ತೇವ ತಡೆಯುವ ದಪ್ಪ ಹಾಳೆ ಹಾಸುವುದು, ಅದರ ಮೇಲೆ ಅಂಗಡಿಯವನೇ ಅಳತೆಗೆ ಕತ್ತರಿಸಿಕೊಟ್ಟ ಪ್ಲೈವುಡ್ ಹಲಗೆಗಳನ್ನು ಇಟ್ಟು ಕಾಂಕ್ರೀಟಿಗೆ ಕೊರೆದು ಸ್ಕ್ರೂ ಬಿಗಿಯುವುದು. ಸಂಜೆ ನಾಲ್ಕಕ್ಕೆ ರಸಮಟ್ಟ ಬಂದು ನೋಡುತ್ತಾನೆ. ಒಪ್ಪಿದರೆ ನಾಳೆ ಮರ ಬರುತ್ತದೆ. ಬಂದ ಮರ ಒಂದು ವಾರ ಕೋಣೆಯಲ್ಲಿ ಸುಮ್ಮನೆ ಮಲಗಿ ಮನೆಯ ಗಾಳಿಗೆ ಒಗ್ಗಿಕೊಳ್ಳಬೇಕಂತೆ, ಆಮೇಲೆ ಹಾಸುವುದು.

ಮೊದಲ ಹಲಗೆಯನ್ನು ಇಬ್ಬರೂ ಎರಡು ತುದಿ ಹಿಡಿದು ಹಜಾರದಿಂದ ತಂದರು. ಹಜಾರದಲ್ಲಿ ಅತ್ತೆಯ ಮಂಚ ಬಿಚ್ಚಿ ಗೋಡೆಗೆ ಆನಿಸಿತ್ತು. ಪಕ್ಕದಲ್ಲಿ ಅತ್ತೆಯ ಸಾಮಾನಿನ ನಾಲ್ಕು ಪೆಟ್ಟಿಗೆ. ಹೋದ ವಾರ ಅವಳೇ ತುಂಬಿ, ಎರಡೆರಡು ಸುತ್ತು ಹಗ್ಗ ಹಾಕಿ ಬಿಗಿದಿದ್ದಳು, ಬಸ್ಸಿನ ಮೇಲೆ ಹಾಕಿದರೂ ಬಿಚ್ಚದ ಹಾಗೆ. “ಇಷ್ಟು ಗಟ್ಟಿಯಾಗಿ ಕಟ್ಟಿದೀಯಲ್ಲೇ,” ಎಂದು ಅತ್ತೆ ಅವತ್ತು ಗಂಟು ಮುಟ್ಟಿ ಮೆಚ್ಚಿಕೊಂಡಿದ್ದರು, “ರೂಮಿಂದ ಹಜಾರಕ್ಕೆ ಹೋಗೋ ಸಾಮಾನಿಗೆ.” ಎದುರುಮನೆಯ ದರ್ಜಿ ಹೆಂಗಸಿನ ಹತ್ತಿರ, ಮೂರನೆಯ ಮನೆಯವರ ಹತ್ತಿರ, ಹಾಲಿನವನ ಹತ್ತಿರ ಕೂಡ ಅತ್ತೆ ಹೇಳಿಯಾಗಿತ್ತು: ಚಳಿಗಾಲದಲ್ಲಿ ನನ್ನ ಕಾಲು ಕೊರೆಯುತ್ತೆ ಅಂತ ಸೊಸೆ ನನ್ನ ರೂಮಿಗೆ ಮರದ ನೆಲ ಹಾಕಿಸ್ತಿದಾಳೆ, ಮಗನಿಗೆ ಹೊಳೀಲಿಲ್ಲ ನೋಡಿ. ದರ್ಜಿ ಹೆಂಗಸು ಬೀದಿಯಲ್ಲಿ ಸಿಕ್ಕಾಗ ಅವಳ ಕೈ ಹಿಡಿದುಕೊಂಡು, “ನಿಮ್ಮಂಥ ಸೊಸೆ,” ಎಂದು ಕಣ್ಣು ತುಂಬಿಕೊಂಡಿದ್ದಳು. ಅವಳು ಕೈ ಬಿಡಿಸಿಕೊಳ್ಳದೆ, ಬೇಡ ಎನ್ನದೆ, ಆ ಮಾತನ್ನು ಪೂರ್ತಿ ಕೇಳಿಸಿಕೊಂಡು ಮನೆಗೆ ಬಂದಿದ್ದಳು.

“ಗೋಡೆಗೆ ತಾಗಿಸಬೇಡಿ ಅತ್ತೆ. ಸುತ್ತ ಒಂದು ಬೆರಳಷ್ಟು ಬಿಡಬೇಕು. ಹಲಗೆ ಹಲಗೆ ನಡುವೆ ಒಂದು ನಾಣ್ಯ ತೂರೋವಷ್ಟು.”

“ಯಾಕೆ?”

“ಮಳೆಗಾಲದ ತೇವಕ್ಕೆ ಹಿಗ್ಗುತ್ತೆ. ಜಾಗ ಇಲ್ದಿದ್ರೆ ಒಂದಕ್ಕೊಂದು ಒತ್ತಿ ಎದ್ದುಬಿಡುತ್ತೆ.”

“ಮದುವೆಗೆ ಮುಂಚೆ ಇದನ್ನ ನಿಮ್ಮಪ್ಪ ನಮಗೆ ಹೇಳಬಾರದಿತ್ತಾ,” ಎಂದರು ಅತ್ತೆ ಗಂಭೀರವಾಗಿ, ಬೆರಳನ್ನು ಗೋಡೆಯ ಸಂದಿಗೆ ತೂರಿಸಿ ಅಳತೆ ನೋಡುತ್ತ. ಅವಳ ಕೈಯಿಂದ ಹಲಗೆ ಜಾರಿ ಧಡಕ್ಕನೆ ಕೂತಿತು. ನಕ್ಕದ್ದರಿಂದ ಕೈಯಲ್ಲಿ ಬಲವೇ ಉಳಿದಿರಲಿಲ್ಲ. ಡ್ರಿಲ್ಲು ಹಿಡಿದರೂ ನಗು, ಡ್ರಿಲ್ಲು ನಿಂತರೂ ನಗು. ಗೇಣಿಗೊಂದು ಸ್ಕ್ರೂ, ಅತ್ತೆ ಮುಂದೆ ಮುಂದೆ ಪೆನ್ಸಿಲ್ಲಿನಲ್ಲಿ ಚುಕ್ಕೆ ಇಡುತ್ತ ಅಂಬೆಗಾಲಲ್ಲಿ ಹೋಗುವುದು, ಅವಳು ಹಿಂದೆ ಹಿಂದೆ ಕೊರೆಯುತ್ತ ಹೋಗುವುದು. ಮಧ್ಯಾಹ್ನದ ಹೊತ್ತಿಗೆ ಅತ್ತೆಯೇ ಡ್ರಿಲ್ಲು ಕಸಿದುಕೊಂಡರು. ಅವರ ಗಲ್ಲ ಯಂತ್ರದ ಜೊತೆ ಗಡಗಡ ಅದುರುತ್ತಿತ್ತು. ಮಾತಾಡಲು ಹೋದರೆ ಮಾತೂ ಅದುರಿ, ಅವರು ಹೇಳಿದ್ದು ಬೈಗಳವೋ ಲೆಕ್ಕವೋ ತಿಳಿಯದೆ ಅವಳು ಗೋಡೆಗೊರಗಿ ಕಣ್ಣೊರೆಸಿಕೊಂಡಳು. ಈಗ ಹೇಳಬಹುದು ಎಂದುಕೊಂಡಳು. ಇಷ್ಟು ಖುಷಿಯಲ್ಲಿರುವಾಗ ಹೇಳಿದರೆ ನೋವಾಗುವುದಿಲ್ಲವೇನೋ. ಮರುಕ್ಷಣ, ಇಷ್ಟು ಖುಷಿಯಲ್ಲಿರುವಾಗ ಹೇಳುವುದಕ್ಕಿಂತ ನೀಚತನ ಬೇರೆ ಇಲ್ಲ ಅನ್ನಿಸಿತು.

ಕೋಣೆ ಯಾಕೆ ಬೇಕೆಂದು ಗಂಡ ಕೇಳಿದಾಗ ಅವಳು ಸುಳ್ಳು ಹೇಳಿದ್ದಳು. ಬಡ್ತಿ ಪರೀಕ್ಷೆಗೆ ಓದಬೇಕು ಎಂದಿದ್ದಳು. ಅವನು ಕೂಡಲೇ ಒಪ್ಪಿದ. ಪರೀಕ್ಷೆ ಎಂದರೆ ಅವನಿಗೆ ಗೌರವ. ನಿಜವೆಂದರೆ ಅವಳಿಗೆ ಬೇಕಾದದ್ದು ಒಂದು ಬಾಗಿಲು, ಒಳಗಿನಿಂದ ಹಾಕಿಕೊಳ್ಳುವಂಥದ್ದು. ಅದರಾಚೆ ಏನೂ ಮಾಡದೆ ಕೂರಲು ಒಂದಿಷ್ಟು ನೆಲ. ಅದು ಮರದ್ದೇ ಆಗಬೇಕೆಂಬ ಹಟ ಎಲ್ಲಿಂದ ಬಂತೆಂದೂ ಅವಳಿಗೆ ಗೊತ್ತಿತ್ತು. ಶಾಲೆಯ ನಾಟಕದಲ್ಲಿ ಅವಳು ಮೂರನೆಯ ಸೈನಿಕ. ಒಂದೇ ಸಾಲು ಮಾತು, ಮರೆತುಹೋಯಿತು. ಇಡೀ ಸಭೆ ಕಾಯುತ್ತಿತ್ತು, ಮೇಷ್ಟರು ಪರದೆಯ ಹಿಂದಿನಿಂದ ಪಿಸುಗುಡುತ್ತಿದ್ದರು. ಅವಳು ಮಾತ್ರ ತಲೆ ತಗ್ಗಿಸಿ ಕಾಲಡಿಯ ಹಲಗೆಗಳನ್ನೇ ನೋಡುತ್ತಿದ್ದಳು. ಬರಿಗಾಲಿಗೆ ಅವು ಬೆಚ್ಚಗಿದ್ದವು. ಅಷ್ಟು ಅವಮಾನದ ನಡುವೆಯೂ ಪಾದಗಳಿಗೆ ಮಾತ್ರ ಹಿತವಾಗಿತ್ತು. ಇದನ್ನು ಗಂಡನಿಗೆ ಹೇಗೆ ಹೇಳುವುದು? ಅದಕ್ಕೇ ಪರೀಕ್ಷೆ ಎಂದಳು. “ಅಮ್ಮ ನನ್ನ ತಂಗಿ ಮನೇಲಿ ಇರ್ಲಿ ಬಿಡು,” ಎಂದ ಅವನು. ಅವಳು ತುಸು ಹೊತ್ತು ಯೋಚಿಸುವವಳ ಹಾಗೆ ಸುಮ್ಮನಿದ್ದು, “ನೀವು ಹೇಳಿದ ಹಾಗೆ,” ಎಂದಿದ್ದಳು. ಆ ಸುಮ್ಮನಿದ್ದದ್ದು ನಾಟಕವೇ. ಈ ಸಲ ಮಾತು ಮರೆತಿರಲಿಲ್ಲ.

ನಾಲ್ಕಕ್ಕೆ ಸರಿಯಾಗಿ ರಸಮಟ್ಟ ಬಂದ. ಕೊನೆಯ ಸ್ಕ್ರೂ ಆಗಷ್ಟೇ ಕೂತಿತ್ತು. ಅತ್ತೆ ಸೊಸೆ ಇಬ್ಬರೂ ಮೈಯೆಲ್ಲ ಮರದ ಹೊಟ್ಟು, ಪರೀಕ್ಷೆಗೆ ನಿಂತ ಮಕ್ಕಳ ಹಾಗೆ ಬಾಗಿಲ ಪಕ್ಕ ಸಾಲಾಗಿ ನಿಂತರು. ಅವನು ಚಪ್ಪಲಿ ಬಿಟ್ಟು, ಆಳುದ್ದದ ಪಟ್ಟಿಯೊಂದನ್ನು ಹಲಗೆಗಳ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಅದರ ಕೆಳಗೆ ಬೆಳಕು ನುಸುಳುತ್ತದೆಯೇ ಎಂದು ಬಗ್ಗಿ ನೋಡಿದ. ಸ್ಕ್ರೂಗಳ ತಲೆಯ ಮೇಲೆ ಅಂಗೈ ಸವರಿದ. ಒಂದೂ ಮೇಲೆದ್ದಿರಲಿಲ್ಲ. ಆಮೇಲೆ ಕೋಣೆಯ ತುಂಬ, ಒಂದೊಂದೇ ಹೆಜ್ಜೆ, ಭಾರ ಬಿಟ್ಟು ನಡೆದ. ಕಿಟಕಿಯ ಹತ್ತಿರ ಕಿರ್ ಎಂದಿತು. ಅವನ ಮುಖದಲ್ಲಿ ಸಣ್ಣ ತೃಪ್ತಿ ಮೂಡಿತು.

“ಅದು ಹಲಗೆ ಅಲ್ಲಪ್ಪ,” ಎಂದರು ಅತ್ತೆ, ಕಿವಿ ಒಂದು ಕಡೆ ವಾಲಿಸಿ. “ನಿನ್ನ ಮಂಡಿ.”

ಅವನು ಮತ್ತೆ ಹೆಜ್ಜೆ ಎತ್ತಿ ಇಟ್ಟ. ಮಂಡಿಯೇ. ಅವಳು ಬಾಯೊಳಗಿನ ಕೆನ್ನೆ ಕಚ್ಚಿಕೊಂಡು ಸೂರು ನೋಡಿದಳು. ರಸಮಟ್ಟ ಬಹಳ ಹೊತ್ತು ಹಲಗೆಯನ್ನೇ ನೋಡುತ್ತಿದ್ದು, ಕೊನೆಗೆ ಮೊದಲ ಬಾರಿ ಅವಳ ಮುಖವನ್ನೇ ನೋಡಿ ಹೇಳಿದ: “ಚೆನ್ನಾಗಿ ಮಾಡಿದೀರ. ನಾನು ಮಾಡಿದ್ರೂ ಇಷ್ಟೇ.” ಅವಳಿಗೆ ಹಾರಬೇಕೆನ್ನಿಸಿತು. ಕಚೇರಿಯಲ್ಲಿ ಇಪ್ಪತ್ತು ವರ್ಷದಲ್ಲಿ ಒಬ್ಬರೂ ಆಡದ ಮಾತು. ಅತ್ತೆ ಅವಳ ಬೆನ್ನಿಗೆ ಒಂದು ಗುದ್ದು ಗುದ್ದಿದರು.

“ಹಾಗಾದ್ರೆ ಮರದ ಪಟ್ಟಿ ಯಾವ ಕಡೆಯಿಂದ ಶುರು ಮಾಡ್ಲಿ? ಸಾಮಾನು ಎಲ್ಲೆಲ್ಲಿ ಬರುತ್ತೆ?”

“ಮಂಚ ಇಲ್ಲಿ,” ಎಂದು ಅತ್ತೆ ಕಿಟಕಿಯ ಕೆಳಗೆ ಹೋಗಿ ನಿಂತು ಕೈ ಚಾಚಿದರು. “ತಲೆ ಈ ಕಡೆ. ಬೆಳಿಗ್ಗೆ ಎದ್ದ ಕೂಡ್ಲೆ ಕಾಲು ಇಲ್ಲಿಗೆ ಇಳಿಯುತ್ತೆ, ಇಲ್ಲಿ ಒಳ್ಳೆ ಪಟ್ಟಿ ನೋಡಿ ಹಾಕು.”

ರಸಮಟ್ಟ ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದ. “ಮಂಚ ಇಲ್ವಲ್ಲ ಅಮ್ಮ. ಊರಿಗೆ ಹೋಗೋ ಮುಂಚೆ ಸಾಹೇಬ್ರು ಬರ್ಕೊಟ್ಟಿರೋದ್ರಲ್ಲಿ ಕಿಟಕಿ ಕೆಳಗೆ ಮೇಜು. ಈ ಗೋಡೆಗೆ ಪುಸ್ತಕದ ಬೀರು. ಇಲ್ಲೊಂದು ಕುರ್ಚಿ. ಮಂಚ ಎಲ್ಲೂ ಇಲ್ಲ.”

ಹಾಳೆ ಅತ್ತೆಯ ಕೈಗೆ ಹೋಯಿತು. ಕನ್ನಡಕ ಹಣೆಯ ಮೇಲಿತ್ತು; ಅದನ್ನು ಇಳಿಸಿ, ಮಗನ ಅಕ್ಷರವನ್ನು ಗುರುತಿಸಿ, ಹಾಳೆಯನ್ನು ಒಮ್ಮೆ ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದರು. ಏನೂ ಇರಲಿಲ್ಲ. ಮೊದಲಿನ ಹಾಗೆಯೇ ಮಡಚಿ ಹಿಂದಕ್ಕೆ ಕೊಟ್ಟರು. “ಹಾಗೇ ಮಾಡಪ್ಪ,” ಎಂದರು. ರಸಮಟ್ಟನಿಗೂ ಏನೋ ಹೊಳೆದಿರಬೇಕು. ಗುಳ್ಳೆ ನಡುವೆ ನಿಲ್ಲುವುದನ್ನು ಕಾಯದೆ ತನ್ನ ಸಾಮಾನು ಬಾಚಿಕೊಂಡು ಹೊರಟುಹೋದ.

ಅತ್ತೆ ಕಿಟಕಿಗೆ ಬೆನ್ನು ಹಾಕಿ ನಿಂತೇ ಇದ್ದರು. ಆಮೇಲೆ, ಸೀರೆಗಂಟಿದ ಹೊಟ್ಟನ್ನು ಒಂದೊಂದಾಗಿ ಕೀಳುತ್ತ ಹೇಳಿದರು: “ಇದು ಅವನ ಬುದ್ಧಿ. ಚಿಕ್ಕಂದಿನಿಂದ್ಲೂ ಹೀಗೇ, ಎದುರಿಗೆ ಹೇಳಲ್ಲ. ನಿಂಗೂ ಗೊತ್ತಿರ್ಲಿಲ್ಲ ಅಲ್ವಾ?”

ಬಾಗಿಲು ತೆರೆದಿಟ್ಟ ಹಾಗಿತ್ತು ಆ ಪ್ರಶ್ನೆ. ಅವಳು ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಇಲ್ಲ ಅತ್ತೆ, ನಂಗೂ ಈಗಲೇ ಗೊತ್ತಾಗಿದ್ದು. ಸಂಜೆ ಇಬ್ಬರೂ ಸೇರಿ ಅವನನ್ನು ಬೈಯಬಹುದಿತ್ತು. ಈ ವಾರದ ನಗುವೆಲ್ಲ ಹಾಗೇ ಉಳಿಯುತ್ತಿತ್ತು. ದರ್ಜಿ ಹೆಂಗಸಿನ ಕಣ್ಣೀರು ಕೂಡ. ಪತ್ರ ತಲೆಯಲ್ಲಿ ತಾನಾಗಿ ಬರೆದುಕೊಳ್ಳತೊಡಗಿತು, ವಿಷಾದಪೂರ್ವಕವಾಗಿ ತಿಳಿಸುವುದೇನೆಂದರೆ, ಕೆಳಗೆ ಗಂಡನ ಹೆಸರು, ಅದರ ಹಿಂದೆ ಆ ಒಂದು ಪದ. ಆಗ ಅವಳಿಗೆ ಬಂದದ್ದು, ಬರಬಾರದ ಹೊತ್ತಿನಲ್ಲಿ, ನಗು. ಗಂಟಲವರೆಗೆ ಬಂದು ಬೇರೆಯೇ ಸದ್ದಾಗಿ ಹೊರಬಿತ್ತು.

“ಗೊತ್ತಿತ್ತು ಅತ್ತೆ. ಅವರ ಬುದ್ಧಿ ಅಲ್ಲ. ರೂಮು ಬೇಕು ಅಂತ ಕೇಳಿದ್ದು ನಾನೇ.”

“ನೀನು.”

“ಹೂಂ.”

“ಮತ್ತೆ ನಾನು?”

“ನಿಮ್ಮ ಮಗಳ ಮನೇಲಿ.”

“ಎಷ್ಟು ದಿನ?”

“ದಿನ ಅಂತ ಏನೂ ಇಟ್ಟಿರಲಿಲ್ಲ,” ಎಂದಳು. ತನ್ನ ದನಿ ತನಗೇ ಕೇಳಿಸಿತು, ಮೆತ್ತಗೆ ಏನೂ ಇರಲಿಲ್ಲ ಅದರಲ್ಲಿ.

ಅತ್ತೆ ಅವಳನ್ನು ದಾಟಿ ಹೊರಗೆ ಹೋದರು. ಹಜಾರದಲ್ಲಿ ಪೆಟ್ಟಿಗೆಗಳ ಹತ್ತಿರ ಹೆಜ್ಜೆ ಒಂದು ಗಳಿಗೆ ನಿಂತಿತು. ಬಚ್ಚಲಿನ ಬಾಗಿಲು ಹಾಕಿಕೊಂಡಿತು. ನಲ್ಲಿಯ ನೀರು ಬಕೆಟ್ಟಿಗೆ ಬೀಳುವುದು, ತುಂಬುವುದು, ತುಂಬಿ ಹೊರಗೆ ಚೆಲ್ಲುವುದು ಎಲ್ಲ ಕೇಳಿಸಿತು. ಅವಳು ಹಲಗೆಗಳ ನಡುವೆ ಕಾಲು ಮಡಚಿ ಕೂತಳು. ನಾಚಿಕೆಯಿಂದ ಮೈ ಸುಡುತ್ತಿತ್ತು. ಓಡಿಹೋಗಿ ಬಚ್ಚಲ ಬಾಗಿಲು ತಟ್ಟಿ ಏನು ಬೇಕಾದರೂ ಹೇಳಬೇಕೆನ್ನಿಸುತ್ತಿತ್ತು. ಆದರೆ ಅದರ ಅಡಿಯಲ್ಲಿ, ಎಷ್ಟು ಅದುಮಿದರೂ ಕೂರದೆ, ಒಂದು ಹಗುರತನ ಏಳುತ್ತಿತ್ತು. ನನಗೆ ಬೇಕಿತ್ತು ಎಂದು ಈ ಮನೆಯಲ್ಲಿ ಅವಳು ಹೇಳಿದ್ದು ಇದೇ ಮೊದಲು. ಅದೂ ಯಾರ ಪರವಾಗಿಯೂ ಅಲ್ಲ. ತಲೆ ಗಿರ್ರೆನ್ನುತ್ತಿತ್ತು, ಮೇಲಿನ ಸೂರು ತುಸು ಎತ್ತರಕ್ಕೆ ಹೋದ ಹಾಗಿತ್ತು. ಇಂಥ ಹೊತ್ತಲ್ಲಿ ಖುಷಿಯಾಗುವ ತಾನು ಎಂಥವಳೆಂದು ತನ್ನನ್ನೇ ಕೇಳಿಕೊಂಡಳು.

ನಲ್ಲಿ ನಿಂತಿತು. ಅತ್ತೆ ತಲೆಗೂದಲವರೆಗೂ ಒದ್ದೆಯಾದ ಮುಖದಲ್ಲಿ ಬಾಗಿಲಿಗೆ ಬಂದರು. ಕಣ್ಣು ಕೆಂಪಗಿತ್ತು.

“ಮಗಳ ಮನೆಗೆ ನಾನು ಹೋಗಲ್ಲ,” ಎಂದರು. “ಅವಳ ಅತ್ತೆ ಇದಾಳೆ ಅಲ್ಲಿ. ಎರಡು ಮುದುಕಿ ಒಂದು ಮನೇಲಿ ಆಗಲ್ಲ.”

“ಸರಿ ಅತ್ತೆ.”

“ಸರಿ ಅನ್ನಬೇಡ. ನಿನ್ನ ಸರಿ ಇಪ್ಪತ್ತೊಂದು ವರ್ಷದಿಂದ ಕೇಳ್ತಿದೀನಿ, ಒಂದೂ ಗಟ್ಟಿಯಿಲ್ಲ.” ಒಳಗೆ ಬಂದು, ಸೊಂಟ ಹಿಡಿದುಕೊಂಡು ಅವಳೆದುರು ಕೂತರು. “ಈ ರೂಮಲ್ಲಿ ನೀನು ಏನು ಮಾಡ್ತಿದ್ದೆ?”

“ಪರೀಕ್ಷೆಗೆ,” ಎಂದು ಶುರು ಮಾಡಿ ನಿಲ್ಲಿಸಿದಳು. “ಏನೂ ಇಲ್ಲ ಅತ್ತೆ. ಬಾಗಿಲು ಹಾಕ್ಕೊಂಡು ಸುಮ್ನೆ ಕೂರ್ತಿದ್ದೆ.”

“ಸುಮ್ನೆ ಕೂರೋಕೆ ಮರದ ನೆಲ ಬೇಕಾ?”

“ಬೇಕು.”

ಅತ್ತೆ ಅದನ್ನು ಬಹಳ ಹೊತ್ತು ತೂಗಿದರು. ಸೌಟಿನಿಂದ ನೆಲ ತಟ್ಟಿ ಕೇಳುವಾಗಿನ ಮುಖವೇ ಅದು. “ನಮ್ಮ ಕಾರ್ಖಾನೇಲಿ ಒಂದು ಬೆಂಚಿಗೆ ಮೂರು ಜನ,” ಎಂದರು ಕೊನೆಗೆ. “ಶಿಫ್ಟು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ರೂಮು ನಿಂದು. ಮಿಕ್ಕಿದ್ದು ನಂದು.”

“ಹತ್ತರಿಂದ ಐದು ನಾನು ಆಫೀಸಲ್ಲಿರ್ತೀನಲ್ಲ ಅತ್ತೆ.”

“ಗೊತ್ತು,” ಎಂದರು ಅತ್ತೆ.

ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವಳು ನಗಬಾರದೆಂದು ತುಟಿ ಬಿಗಿಹಿಡಿದಳು, ಮೂಗಿನಿಂದ ಗಾಳಿ ಹೊರಟಿತು, ಅತ್ತೆಯ ಭುಜ ಒಮ್ಮೆ ಅದುರಿತು, ಅಷ್ಟೇ. ಇಬ್ಬರೂ ಮುಖ ಬೇರೆ ಕಡೆ ತಿರುಗಿಸಿಕೊಂಡರು. ಇದು ಬೆಳಗಿನ ನಗುವಲ್ಲ. ಇದರಲ್ಲಿ ಪೆಟ್ಟಿತ್ತು. “ಚೌಕಾಸಿ ಬೇಕಿದ್ರೆ ಮಾಡು,” ಎಂದರು ಅತ್ತೆ ಗೋಡೆಗೆ ಮುಖ ಮಾಡಿಯೇ. “ಬಾಯಿ ಬಿಟ್ಟು ಮಾಡು.”

“ಸಂಜೆ ಆರರಿಂದ ಎಂಟು.”

“ಏಳೂವರೆ.”

“ಎಂಟು ಅತ್ತೆ. ಭಾನುವಾರ ಬೆಳಿಗ್ಗೆ ಕೂಡ.”

“ನನ್ನ ಮಂಚ ಕಿಟಕಿ ಬಿಟ್ಟು ಅಲ್ಲಾಡಲ್ಲ.”

“ನನಗೆ ಈ ಮೂಲೆ ಸಾಕು. ಆದ್ರೆ ಮೂಲೆ ಪೂರ್ತಿ ಬೇಕು.”

ಸೀಮೆಸುಣ್ಣ ಸಿಕ್ಕಿತು, ಅಳತೆಯ ಟೇಪು ಸಿಕ್ಕಿತು. ಕಿಟಕಿಯ ಕೆಳಗೆ ಮಂಚದಷ್ಟೇ ಮಂಚ ಬರೆದರು. ಅತ್ತೆ ಅದರೊಳಗೆ ಮಲಗಿ, ಕಾಲು ಚಾಚಿ, ಎದ್ದು ಕೂತು ಪಾದ ಎಲ್ಲಿ ಇಳಿಯುತ್ತದೆಂದು ನೋಡಿ ಅಲ್ಲೊಂದು ಗುರುತು ಹಾಕಿಸಿದರು. ಅವಳು ತನ್ನ ಮೂಲೆಗೆ ಗೆರೆ ಎಳೆದಳು. ಅತ್ತೆ ಅದನ್ನು ಅಂಗೈಯಿಂದ ಒರೆಸಿ ಒಂದು ಗೇಣು ಹಿಂದಕ್ಕೆ ತಳ್ಳಿದರು. ಅವಳು ಅರ್ಧ ಗೇಣು ಮುಂದಕ್ಕೆ ತಂದಳು. ಪೆಟ್ಟಿಗೆಗಳಿಗೆ ಜಾಗ ಗುರುತಿಸಿದರು. ಮೇಜು ಬೇಡವೆಂದಾಯಿತು, ಬೀರು ಅರ್ಧವಾಯಿತು, ನಡೆಯುವ ದಾರಿ ಕಿರಿದಾಗಿ ಕಿರಿದಾಗಿ ಮಾಯವಾಯಿತು. ಬೆಳಗಿನಿಂದ ಇಬ್ಬರೂ ಒಂದು ತುತ್ತು ಸರಿಯಾಗಿ ತಿಂದಿರಲಿಲ್ಲ. ಒಲೆ ಹಚ್ಚಬೇಕೆಂಬುದು ಯಾರಿಗೂ ನೆನಪಾಗಲಿಲ್ಲ. ಕಿಟಕಿಯ ಬೆಳಕು ಹಳದಿಯಾಗಿ ಗೆರೆಗಳ ಮೇಲೆ ಬಿದ್ದಿತ್ತು.

ಗಂಡ ಬಂದದ್ದು ಅವರಿಗೆ ಕೇಳಿಸಲಿಲ್ಲ. ಹೆಗಲಿಗೆ ಚೀಲ ಹಾಕಿಕೊಂಡೇ ಅವನು ಕೋಣೆಯ ಬಾಗಿಲಿಗೆ ಬಂದ. ತಾಯಿ ಬರಿ ಹಲಗೆಯ ಮೇಲೆ ಅಂಗಾತ ಮಲಗಿರುವುದನ್ನೂ, ಹೆಂಡತಿ ಪಕ್ಕದಲ್ಲಿ ಮಂಡಿಯೂರಿ ಟೇಪು ಹಿಡಿದಿರುವುದನ್ನೂ ಕಂಡು ಅವನ ಮುಖ ಬಿಳಿಚಿಕೊಂಡಿತು. “ಏನಾಯ್ತು ಅಮ್ಮನಿಗೆ?” ಎನ್ನುತ್ತ ಬಲಗಾಲು ಒಳಗಿಟ್ಟ.

“ಅಲ್ಲಿ ನಿಲ್ಲಬೇಡಿ, ಅದು ನಂದು,” ಎಂದಳು ಅವಳು.

ಅವನು ಗಾಬರಿಯಿಂದ ಕಾಲೆತ್ತಿ ಈಚೆಗೆ ಇಡಲು ಹೋದ.

“ಅದು ನನ್ನ ಪೆಟ್ಟಿಗೆ ಜಾಗ,” ಎಂದರು ಅತ್ತೆ, ಮಲಗಿದಲ್ಲಿಂದಲೇ.

ಅವನು ಮತ್ತೆ ಕಾಲೆತ್ತಿದ. ಹೆಗಲಿನ ಚೀಲ ಒಂದು ಕಡೆ ವಾಲಿತು. ಒಂದೇ ಕಾಲಿನ ಮೇಲೆ ತೂಗುತ್ತ, ಇನ್ನೊಂದನ್ನು ಇಡಲು ಯಾರ ಗೆರೆಯೂ ಇಲ್ಲದ ಒಂದಂಗುಲ ಎಲ್ಲಾದರೂ ಉಳಿದಿದೆಯೇ ಎಂದು ಅವನು ನೆಲದ ತುಂಬ ಹುಡುಕತೊಡಗಿದ.